ಸಂಸ್ಥೆ ಹೊರಟ ಮೇಲೆ ಸಂಘದ ಪುಸ್ತಕ ಯಾರ ಕೈಲಿ?

ಪ್ರಶ್ನೆ: ನಾಲ್ಕು ವರ್ಷದ ಹಿಂದೆ ಒಂದು ಸ್ವಯಂಸೇವಾ ಸಂಸ್ಥೆಯವರು ನಮ್ಮೂರಿಗೆ ಬಂದು ಮಹಿಳಾ ಸಂಘ ಕಟ್ಟಿಸಿದರು. ನಾವು 16 ಜನ ಇದ್ದೇವೆ. ವಾರಕ್ಕೆ ತಲಾ 50 ರೂಪಾಯಿ ಉಳಿತಾಯ ಕಟ್ಟುತ್ತೇವೆ, ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಂತೆ ನಮ್ಮೊಳಗೇ ಸಾಲ ಕೊಡುತ್ತೇವೆ. ಪುಸ್ತಕ ಬರೆಯುವುದು, ಬ್ಯಾಂಕಿಗೆ ಹೋಗುವುದು ಎಲ್ಲವನ್ನೂ ಸಂಸ್ಥೆಯ ಕಾರ್ಯಕರ್ತೆಯೇ ನೋಡಿಕೊಳ್ಳುತ್ತಿದ್ದರು. ಈಗ ‘ಮಾರ್ಚ್‌ಗೆ ಯೋಜನೆ ಮುಗಿಯುತ್ತದೆ, ಆಮೇಲೆ ಬರುವುದಿಲ್ಲ’ ಎಂದಿದ್ದಾರೆ. ಕೆಲವರು ದುಡ್ಡು ಹಂಚಿಕೊಂಡು ಸಂಘ ಮುಚ್ಚಿಬಿಡೋಣ ಅನ್ನುತ್ತಾರೆ. ಇನ್ನೊಂದು ಸಂಸ್ಥೆಯವರು ‘ನಿಮ್ಮ ಸಂಘವನ್ನು ನಾವು ಸೇರಿಸಿಕೊಳ್ಳುತ್ತೇವೆ, ತಲಾ 50,000 ಸಾಲ ಕೊಡುತ್ತೇವೆ’ ಎನ್ನುತ್ತಿದ್ದಾರೆ. ಸಂಸ್ಥೆ ಇಲ್ಲದೆ ಸಂಘ ನಡೆಯುತ್ತದೆಯೇ? ಅಷ್ಟಕ್ಕೂ ಇಂಥ ಸಂಸ್ಥೆಗಳು ಹೆಣ್ಣುಮಕ್ಕಳಿಗೆ ಮಾಡಿಕೊಡಬೇಕಾದ್ದು ಏನು?

ಉತ್ತರ: ನಡೆಯುತ್ತದೆ. ಆದರೆ ಮಾರ್ಚ್‌ ಬರುವುದರೊಳಗೆ ಸಂಸ್ಥೆಯಿಂದ ನೀವು ಏನೇನು ಬಿಡಿಸಿಕೊಳ್ಳುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ನಿಮ್ಮ ಪತ್ರದಲ್ಲಿ ಕಳವಳ ತಂದ ಸಾಲು ಒಂದೇ: ‘ಎಲ್ಲವನ್ನೂ ಕಾರ್ಯಕರ್ತೆಯೇ ನೋಡಿಕೊಳ್ಳುತ್ತಿದ್ದರು.’ ನಾಲ್ಕು ವರ್ಷವೂ ಹೀಗೇ ಸಾಗಿದ್ದರೆ ಸಂಸ್ಥೆ ತನ್ನ ಕೆಲಸದಲ್ಲಿ ಅರ್ಧವನ್ನಷ್ಟೇ ಮಾಡಿದೆ. ಉಳಿದರ್ಧವನ್ನು ನೀವೀಗ ಕೇಳಿ ಮಾಡಿಸಿಕೊಳ್ಳಬೇಕು, ಕೇಳುವ ಹಕ್ಕೂ ನಿಮಗಿದೆ.

ಈ ಸಂಘಗಳ ಮೂಲ ನೋಡಿದರೆ ಸಂಸ್ಥೆಯ ಪಾತ್ರ ಎಷ್ಟಿರಬೇಕು ಎಂಬುದು ಗೊತ್ತಾಗುತ್ತದೆ. ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಶುರುವಾದ ಮೈರಾಡ ಸಂಸ್ಥೆ ಮುಂದೆ ಹಳ್ಳಿಗಳಲ್ಲಿ ದೊಡ್ಡ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿಸಿತ್ತು. 1980ರ ದಶಕದ ನಡುವೆ ಅವುಗಳಲ್ಲಿ ಹಲವು ಒಡೆದವು. ಮುಖಂಡರ ಮೇಲೆ ಸದಸ್ಯರಿಗೆ ನಂಬಿಕೆ ಹೋಗಿತ್ತು. ಹೊರಬಂದವರು ಚಿಕ್ಕ ಚಿಕ್ಕ ಗುಂಪುಗಳಾಗಿ ಬಂದು, ಸಾಲವನ್ನು ಆ ಸೊಸೈಟಿಗೆ ಕಟ್ಟುವುದಿಲ್ಲ, ಬೇಕಾದರೆ ನಿಮಗೆ ಕಟ್ಟುತ್ತೇವೆ ಎಂದರು. ಮೈರಾಡ ಆ ಹಣವನ್ನು ತಾನು ತೆಗೆದುಕೊಳ್ಳದೆ ‘ನಿಮ್ಮ ನಿಮ್ಮ ಗುಂಪಿಗೇ ಕಟ್ಟಿಕೊಳ್ಳಿ’ ಎಂದಿತು. ಇಂದಿನ ಸ್ವಸಹಾಯ ಸಂಘದ ಬೇರು ಇರುವುದು ಈ ಮಾತಿನಲ್ಲಿ. 1987ರಲ್ಲಿ ರಾಷ್ಟ್ರೀಯ ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1991ರಲ್ಲಿ ರಿಸರ್ವ್ ಬ್ಯಾಂಕ್ ಇಂಥ ಗುಂಪುಗಳಿಗೆ ಸಾಲ ಕೊಡುವಂತೆ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತು, 1992ರಲ್ಲಿ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಶುರುವಾಯಿತು. ಗಮನಿಸಿ, ಬ್ಯಾಂಕಿನ ಸಾಲದ ಹಣ ಸಂಸ್ಥೆಯ ಕೈಗೆ ಹೋಗಲಿಲ್ಲ. ಜನರನ್ನು ಕೂಡಿಸುವುದು, ಲೆಕ್ಕ ಕಲಿಸುವುದು, ಬ್ಯಾಂಕಿನ ಬಾಗಿಲು ತೋರಿಸುವುದು ಸಂಸ್ಥೆಯ ಪಾಲಿಗೆ ಬಂತು. (ಸಂಘದಲ್ಲಿ 20ಕ್ಕಿಂತ ಹೆಚ್ಚು ಜನ ಬೇಡ ಎನ್ನುವ ನಿಯಮ ಯಾವುದೋ ಶಾಸ್ತ್ರದಿಂದ ಬಂದದ್ದಲ್ಲ. 1956ರ ಕಂಪನಿ ಕಾಯ್ದೆಯಡಿ 20 ಜನ ಮೀರಿ ಲಾಭದ ವ್ಯವಹಾರ ಮಾಡಿದರೆ ನೋಂದಣಿ ಕಡ್ಡಾಯವಾಗಿತ್ತು, ಅದನ್ನು ತಪ್ಪಿಸಿಕೊಳ್ಳಲು ಹಾಕಿಕೊಂಡ ಗೆರೆ ಅದು.)

ಸಂಸ್ಥೆ ಹೊರಡುತ್ತಿರುವುದಕ್ಕೆ ಯಾರನ್ನೂ ಬೈಯಬೇಕಿಲ್ಲ. ಇಂಥ ಕೆಲಸಕ್ಕೆ ಬರುವ ದುಡ್ಡಿಗೇ ಗಡುವು ಇರುತ್ತದೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆಗೆಂದು ತೆಗೆದಿಡುವ) ಹಣದಲ್ಲಿ ನಡೆಯುವ ಬಹುವರ್ಷದ ಯೋಜನೆಗೆ, ಶುರುವಾದ ಆರ್ಥಿಕ ವರ್ಷ ಬಿಟ್ಟು ಮುಂದಿನ 3 ವರ್ಷವಷ್ಟೇ ಅವಕಾಶ. ನಿಮ್ಮ ನಾಲ್ಕು ವರ್ಷದ ಲೆಕ್ಕ ಇದಕ್ಕೆ ಸರಿಹೊಂದುತ್ತದೆ. ವಿದೇಶಿ ದೇಣಿಗೆಯಾದರೆ, 2020ರ ತಿದ್ದುಪಡಿಯ ನಂತರ ಅದನ್ನು ಪಡೆದ ಸಂಸ್ಥೆ ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ದೊಡ್ಡವರ ಕೈಯಿಂದ ಪಡೆದು ತಾಲೂಕು ಮಟ್ಟದಲ್ಲಿ ಕೆಲಸ ಮಾಡುತ್ತಿದ್ದ ಸಣ್ಣ ಸಂಸ್ಥೆಗಳಿಗೆ ಪೆಟ್ಟು ಬಿದ್ದದ್ದು ಇಲ್ಲಿ. ಹೊರಡುವುದು ತಪ್ಪಲ್ಲ, ಹೊರಡುವ ದಿನವನ್ನು ಮೊದಲ ವರ್ಷವೇ ಹೇಳದೆ ಇರುವುದು ತಪ್ಪು.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ.

ಮೊದಲು ಬ್ಯಾಂಕಿಗೆ ಹೋಗಿ ಒಂದು ವಿಷಯ ಕೇಳಿ: ಸಂಘದ ಉಳಿತಾಯ ಖಾತೆಗೆ ಯಾರ ಮೊಬೈಲ್ ನಂಬರ್ ಜೋಡಿಸಿದೆ? ಎಷ್ಟೋ ಸಂಘಗಳಲ್ಲಿ ಅದು ಕಾರ್ಯಕರ್ತೆಯ ನಂಬರೇ ಆಗಿರುತ್ತದೆ. ಖಾತೆ ತೆರೆಯುವ ದಿನ ಹೆಂಗಸರ ಹತ್ತಿರ ಫೋನ್ ಇರಲಿಲ್ಲ, ‘ನನ್ನದೇ ಕೊಡ್ತೀನಿ ಬಿಡಿ’ ಎಂದಿರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಆಗಿರಬಹುದು. ಆದರೆ ಹಣ ಜಮೆಯಾದ, ತೆಗೆದ ಸಂದೇಶ ಹೋಗುವುದು ಆ ನಂಬರಿಗೆ, ಒಟಿಪಿ ಬರುವುದೂ ಅಲ್ಲಿಗೇ. ಅವರು ಊರು ಬಿಟ್ಟ ಮೇಲೆ ನಂಬರ್ ಬದಲಾಯಿಸಲು ಓಡಾಡುವುದಕ್ಕಿಂತ ಈಗಲೇ ಮಾಡುವುದು ಸುಲಭ. ಇದಕ್ಕೆ ಸಂಘದ ಠರಾವು ಬೇಕು: ಸಭೆಯ ದಿನಾಂಕ, ಹಾಜರಿದ್ದವರ ಹೆಸರು, ‘ಸಂಘದ ಖಾತೆಗೆ ಈ ಪ್ರತಿನಿಧಿಯ ಮೊಬೈಲ್ ಸಂಖ್ಯೆ ಜೋಡಿಸಲು ತೀರ್ಮಾನಿಸಲಾಗಿದೆ’ ಎಂಬ ಒಂದು ಸಾಲು, ಎಲ್ಲರ ಸಹಿ ಅಥವಾ ಹೆಬ್ಬೆಟ್ಟು. ಅದರ ಪ್ರತಿಯನ್ನು ಬ್ಯಾಂಕಿಗೆ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.

ಆ ನಂಬರ್ ಪ್ರತಿನಿಧಿಯದೇ ಆಗಿರಲಿ, ಆಕೆಯ ಗಂಡನದಾಗಲಿ ಮಗನದಾಗಲಿ ಬೇಡ. ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಸಂಘದ ದುಡ್ಡಿನ ಸುದ್ದಿ ಮನೆಯ ಗಂಡಸಿಗೆ ಮೊದಲು ತಲುಪುವ ಕಡೆ, ಸಾಲ ಯಾರಿಗೆ ಎನ್ನುವ ತೀರ್ಮಾನವೂ ನಿಧಾನಕ್ಕೆ ಕಟ್ಟೆಯ ಮೇಲೆ ಆಗತೊಡಗುತ್ತದೆ.

ಅದೇ ದಿನ ಸಹಿಯ ವಿಷಯ ಮುಗಿಸಿ. ಖಾತೆ ಜಂಟಿ ಸಹಿಯಲ್ಲಿ ನಡೆಯಬೇಕು, ಸಹಿ ಹಾಕುವವರು ಸದಸ್ಯರೇ ಆಗಿರಬೇಕು. ಸಂಸ್ಥೆಯವರ ಸಹಿಯೂ ಬೇಕು ಎಂಬ ಷರತ್ತು ಇದ್ದರೆ ತೆಗೆಸಿ. ಪ್ರತಿನಿಧಿಗಳನ್ನು ಬದಲಿಸುವುದಾದರೆ ಹೊಸಬರ ಗುರುತಿನ ದಾಖಲೆ ಸಾಕು. ‘16 ಜನರದ್ದೂ ಆಧಾರ್ ತನ್ನಿ’ ಎಂದು ಕೌಂಟರಿನಲ್ಲಿ ಹಿಂದಕ್ಕೆ ಕಳಿಸಿದರೆ ಒಂದು ಮಾತು ನೆನಪಿಡಿ: ರಿಸರ್ವ್ ಬ್ಯಾಂಕಿನ ಕೆವೈಸಿ (ಗ್ರಾಹಕರ ಗುರುತು ಪರಿಶೀಲನೆ) ನಿರ್ದೇಶನದ ಪ್ರಕಾರ ಸಂಘದ ಉಳಿತಾಯ ಖಾತೆಗೆ ಪದಾಧಿಕಾರಿಗಳ ದಾಖಲೆ ಸಾಕು, ಎಲ್ಲ ಸದಸ್ಯರದನ್ನು ಕೇಳಬಹುದಾದ ಹಂತ ಸಾಲ ಜೋಡಣೆಯದು, ಅಂದರೆ ಸಂಘಕ್ಕೆ ಬ್ಯಾಂಕು ಸಾಲ ಕೊಡುವಾಗಿನದು. ಇನ್ನು, ಸಹಿ ಹಾಕಿಟ್ಟ ಖಾಲಿ ವಿತ್‌ಡ್ರಾವಲ್ ಚೀಟಿ, ಚೆಕ್ಕು ಕಾರ್ಯಕರ್ತೆಯ ಬ್ಯಾಗಿನಲ್ಲಿ ಉಳಿದಿದ್ದರೆ ವಾಪಸು ಪಡೆದು ಅಡ್ಡಗೆರೆ ಎಳೆದು ಫೈಲಿಗೆ ಹಾಕಿ. ಪ್ರತಿ ವಾರ ಸಹಿಗೆ ಅಲೆಯುವುದು ಬೇಡವೆಂದು ಹತ್ತಿಪ್ಪತ್ತು ಚೀಟಿಗೆ ಒಟ್ಟಿಗೆ ಸಹಿ ಮಾಡಿಸಿಟ್ಟುಕೊಳ್ಳುವ ರೂಢಿ ಎಷ್ಟೋ ಕಡೆ ಇದೆ. ಸಂಘದ ರಬ್ಬರ್ ಮೊಹರು, ಬ್ಯಾಂಕ್ ಪಾಸ್‌ಬುಕ್, ಚೆಕ್ ಪುಸ್ತಕ, ಮಾಡಿಸಿದ್ದರೆ ಪ್ಯಾನ್ ಕಾರ್ಡ್, ನಡಾವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯ ಮತ್ತು ಸಾಲದ ಖಾತೆ ವಹಿ, ಹಳೆಯ ವೋಚರುಗಳು, ಇವೆಲ್ಲವನ್ನೂ ಪಟ್ಟಿ ಮಾಡಿ, ಕೊಟ್ಟವರ ಮತ್ತು ಪಡೆದವರ ಸಹಿ ಹಾಕಿಸಿ ಇಳಿಸಿಕೊಳ್ಳಿ.

ಆಮೇಲೆ ಲೆಕ್ಕದ ತಾಳೆ. ಇದಕ್ಕೆ ಒಂದು ಪೂರ್ತಿ ಸಂಜೆ ಬೇಕು, ಹದಿನಾರು ಜನವೂ ಬರಬೇಕು, ಸದಸ್ಯರ ಪಾಸ್ ಪುಸ್ತಕಗಳೂ ಬರಬೇಕು. ಒಬ್ಬರು ಖಾತೆ ವಹಿಯಿಂದ ಗಟ್ಟಿಯಾಗಿ ಓದಲಿ: ಇಂಥವರ ಉಳಿತಾಯ ಇಷ್ಟು, ಸಾಲ ಇಷ್ಟು, ಕಟ್ಟಿದ್ದು ಇಷ್ಟು, ಬಾಕಿ ಇಷ್ಟು. ಓದಲು ಬಾರದವರ ಪಾಸ್ ಪುಸ್ತಕವನ್ನು ಪಕ್ಕದಲ್ಲಿ ಕುಳಿತವರು ನೋಡಲಿ. ಓದು ಬಾರದ ಹೆಂಗಸರಿಗೆ ತಾವು ಕಟ್ಟಿದ ಕಂತು ಬಾಯಿಪಾಠವಾಗಿರುತ್ತದೆ. ಪುಸ್ತಕಕ್ಕೂ ಅವರ ಮಾತಿಗೂ ವ್ಯತ್ಯಾಸ ಬಂದರೆ ಪುಸ್ತಕವನ್ನೇ ಮೊದಲು ಅನುಮಾನಿಸಿ.

ಒಟ್ಟು ಲೆಕ್ಕ ಹೇಗೆ ಕೂಡಬೇಕೆಂದು ನಿಮ್ಮದೇ ಅಂಕಿಯಿಂದ ನೋಡೋಣ. ವಾರಕ್ಕೆ 50 ರೂಪಾಯಿಯಂತೆ ನಾಲ್ಕು ವರ್ಷಕ್ಕೆ 208 ವಾರ. ಒಬ್ಬರದು 10,400 ರೂಪಾಯಿ, ಹದಿನಾರು ಜನರದು 1,66,400. ಉಳಿದವು ಉದಾಹರಣೆಗೆ ಹಿಡಿದುಕೊಂಡ ಅಂಕಿಗಳು: ಸಾಲದಿಂದ ಬಂದ ಬಡ್ಡಿ 41,600, ದಂಡ 1,200, ಸುತ್ತುನಿಧಿ (ಒಳಸಾಲಕ್ಕೆಂದು ಸರ್ಕಾರದ ಯೋಜನೆ ಸಂಘಕ್ಕೆ ಕೊಡುವ ಹಣ) ಬಂದಿದ್ದರೆ 15,000. ಕೂಡಿದರೆ 2,24,200. ಅದರಲ್ಲಿ ಪುಸ್ತಕ, ಬಸ್ ಚಾರ್ಜು, ಬ್ಯಾಂಕ್ ಶುಲ್ಕ ಎಂದು ಖರ್ಚಾದದ್ದು 3,700 ಕಳೆದರೆ 2,20,500. ಇದು ಸಂಘದ ಸ್ವಂತ ನಿಧಿ. ಈ ಮೊತ್ತ ಎಲ್ಲೋ ಇರಲೇಬೇಕು. ಮೂರೇ ಜಾಗ: ಸದಸ್ಯರ ಕೈಯಲ್ಲಿರುವ ಸಾಲದ ಅಸಲು 1,81,000, ಬ್ಯಾಂಕಿನಲ್ಲಿ 38,300, ಪೆಟ್ಟಿಗೆಯಲ್ಲಿ ನಗದು 1,200. ಕೂಡಿ ನೋಡಿ, 2,20,500. ಎರಡೂ ಕಡೆ ಒಂದೇ ಮೊತ್ತ ಬಂದರೆ ಪುಸ್ತಕ ಸರಿ ಇದೆ.

ಬರುವುದಿಲ್ಲ, ಮೊದಲ ಸಲ ಸಾಮಾನ್ಯವಾಗಿ ಬರುವುದಿಲ್ಲ. ಕೂಡಲೇ ಕಾರ್ಯಕರ್ತೆಯ ಮೇಲೆ ಕಳ್ಳತನದ ಮಾತು ಎತ್ತಬೇಡಿ. ಹೆಚ್ಚಿನ ವ್ಯತ್ಯಾಸಗಳಿಗೆ ಕಾರಣ ಬರವಣಿಗೆಯ ತಪ್ಪು. ಕಂತು ಕಟ್ಟಿದಾಗ ಅಸಲು ಎಷ್ಟು, ಬಡ್ಡಿ ಎಷ್ಟು ಎಂದು ಬಿಡಿಸದೆ ಇಡೀ ಮೊತ್ತವನ್ನು ಅಸಲಿಗೇ ಬರೆದಿರುತ್ತಾರೆ. ಆಗ ಬಾಕಿ ಕಡಿಮೆ ಕಾಣುತ್ತದೆ, ಬಡ್ಡಿ ಆದಾಯವೂ ಕಡಿಮೆ ಕಾಣುತ್ತದೆ. ಬ್ಯಾಂಕು ಜಮೆ ಮಾಡಿದ ಬಡ್ಡಿ, ಕಡಿದ ಶುಲ್ಕ ನಗದು ಪುಸ್ತಕಕ್ಕೆ ಹತ್ತಿರುವುದೇ ಇಲ್ಲ. ಗೈರಾದವರ ಉಳಿತಾಯವನ್ನು ಪಕ್ಕದ ಮನೆಯವರು ಕಟ್ಟಿದ್ದು ಕಟ್ಟಿದವರ ಹೆಸರಿಗೇ ಬಿದ್ದಿರುತ್ತದೆ.

ಇವು ತಿದ್ದಬಹುದಾದ ತಪ್ಪುಗಳು. ತಿದ್ದಲು ಕಷ್ಟವಾದವು ಎರಡು. ಒಂದು, ಒಬ್ಬರ ಹೆಸರಲ್ಲಿ ಇನ್ನೊಬ್ಬರು ಪಡೆದ ಸಾಲ. ಗಟ್ಟಿಯಾಗಿ ಓದುವಾಗ ಇದು ಹೊರಬೀಳುತ್ತದೆ, ಜಗಳವೂ ಆಗುತ್ತದೆ. ಆದರೂ ಅಂದೇ ಸಾಲವನ್ನು ನಿಜವಾದ ಸಾಲಗಾರರ ಹೆಸರಿಗೆ ಬರೆಸಿ. ಇನ್ನೊಂದು, ಕಾಗದದ ಮೇಲೆ ತೀರಿದ ಸಾಲ: ಹಳೆಯ 20,000 ಬಾಕಿ ಇರುವಾಗಲೇ ‘ಪೂರ್ತಿ ಜಮಾ’ ಎಂದು ಬರೆದು, ಅದೇ ದಿನ ಅದೇ ಹೆಸರಿಗೆ 22,000 ಹೊಸ ಸಾಲ ತೋರಿಸಿರುತ್ತಾರೆ. ಮರುಪಾವತಿ ನೂರಕ್ಕೆ ನೂರು ಎಂದು ಸಂಸ್ಥೆ ವರದಿ ಕಳಿಸಬೇಕಾದ ತಿಂಗಳಲ್ಲಿ ಇಂಥ ನಮೂದು ಜಾಸ್ತಿ. ಒಂದೇ ದಿನ ತೀರಿ ಒಂದೇ ದಿನ ಹುಟ್ಟಿದ ಸಾಲಗಳನ್ನೆಲ್ಲ ಗುರುತು ಹಾಕಿ, ಆ ಹೆಂಗಸನ್ನು ಕೇಳಿ, ನಿಜವಾಗಿ ಕೈಗೆ ಬಂದದ್ದು ಎಷ್ಟು ಎಂದು.

ಬಡ್ಡಿಯ ವಿಧಾನವನ್ನೂ ಇದೇ ಸಂಜೆ ಸ್ಪಷ್ಟ ಮಾಡಿಕೊಳ್ಳಿ. ನೂರಕ್ಕೆ 2 ರೂಪಾಯಿ ಎನ್ನುತ್ತೀರಿ, ಸರಿ, ಯಾವುದರ ಮೇಲೆ? 10,000 ಸಾಲವನ್ನು 1,000ದಂತೆ ಹತ್ತು ತಿಂಗಳಲ್ಲಿ ತೀರಿಸಿದರೆ, ಉಳಿದ ಅಸಲಿನ ಮೇಲೆ ಬಡ್ಡಿ ಹಾಕಿದಾಗ ಮೊದಲ ತಿಂಗಳು 200, ಎರಡನೆಯ ತಿಂಗಳು 180, ಕೊನೆಗೆ 20, ಒಟ್ಟು 1,100 ರೂಪಾಯಿ. ಮೊದಲ ಸಾಲದ ಮೇಲೇ ಕೊನೆಯವರೆಗೆ ಹಾಕಿದರೆ 2,000. ಹೆಸರಿಗೆ ಎರಡೂ ‘ಎರಡು ರೂಪಾಯಿ ಬಡ್ಡಿ’. ಸಂಘದೊಳಗೆ ಆ ಹೆಚ್ಚಿನ 900 ನಿಮ್ಮ ನಿಧಿಗೇ ಬರುತ್ತದೆ, ಆದರೆ ಅದನ್ನು ತೆರುವವಳು ಹೆಚ್ಚು ಸಾಲ ಬೇಕಾದ ಬಡವಿ. ಉಳಿದ ಅಸಲಿನ ಮೇಲೇ ಎಂದು ಠರಾವು ಮಾಡಿಕೊಳ್ಳುವುದು ನ್ಯಾಯ.

ಪುಸ್ತಕವನ್ನು ಮುಂದೆ ಬರೆಯುವವರು ಯಾರು? ಓದಿದ ಸದಸ್ಯೆ ಇದ್ದರೆ ಅವರೇ. ಇಲ್ಲದಿದ್ದರೆ ಊರಿನ ಪಿಯುಸಿ ಓದಿದ ಹುಡುಗಿಯನ್ನು ಗೊತ್ತು ಮಾಡಿಕೊಂಡು ಸಂಬಳ ಕೊಡಿ. ಪುಕ್ಕಟೆ ಮಾತ್ರ ಬೇಡ, ಪುಕ್ಕಟೆ ಬರೆಯುವವರು ಮೂರನೇ ತಿಂಗಳಿಗೆ ಬರುವುದು ಬಿಡುತ್ತಾರೆ. ವಾರಕ್ಕೆ ತಲಾ 5 ರೂಪಾಯಿ ಎಂದರೆ 80, ತಿಂಗಳಿಗೆ ಸುಮಾರು 350. ಮೇಲಿನ ಉದಾಹರಣೆಯ 1,81,000 ಅಸಲಿನ ಮೇಲೆ ತಿಂಗಳ ಬಡ್ಡಿಯೇ 3,620 ಆಗುತ್ತದೆ. ಅದರಲ್ಲಿ ಹತ್ತನೇ ಒಂದು ಪಾಲಿಗಿಂತ ಕಡಿಮೆ ಖರ್ಚು. ಮಾರ್ಚ್‌ವರೆಗೆ ಉಳಿದ ಪ್ರತಿ ಸಭೆಯಲ್ಲೂ ಬರೆಯುವುದು ಹೊಸಬರು, ಪಕ್ಕದಲ್ಲಿ ಕುಳಿತು ತಪ್ಪು ಹೇಳುವುದು ಕಾರ್ಯಕರ್ತೆ, ಹೀಗೆ ಕೇಳಿ. ಒಳ್ಳೆಯ ಕಾರ್ಯಕರ್ತೆ ಖುಷಿಯಿಂದ ಒಪ್ಪುತ್ತಾರೆ. ಪುಸ್ತಕ ಕೈಬಿಡಲು ಹಿಂದೇಟು ಹಾಕಿದರೆ ತಾಳೆಯನ್ನು ಇನ್ನೂ ಬೇಗ ಇಟ್ಟುಕೊಳ್ಳಿ.

ಇದೇ ಕಾರಣಕ್ಕೆ ಮೈರಾಡ ಹಳೆಯ ಸಂಘಗಳಿಂದ ಹಿಂದೆ ಸರಿಯುವಾಗ, ಸಂಘಗಳೇ ಶುಲ್ಕ ಕೊಟ್ಟು ಸೇವೆ ಪಡೆಯುವ ಸಂಪನ್ಮೂಲ ಕೇಂದ್ರಗಳನ್ನು ಹುಟ್ಟುಹಾಕಿತು. ಲೆಕ್ಕ ಪರಿಶೀಲನೆ, ತರಬೇತಿ, ಬ್ಯಾಂಕಿನ ಕಾಗದಪತ್ರ ಅಲ್ಲಿ ದುಡ್ಡು ಕೊಟ್ಟರೆ ಸಿಗುತ್ತದೆ. ದುಡ್ಡು ಕೊಡುವವರಿಗೆ ‘ಕೆಲಸ ಸರಿಯಾಗಿಲ್ಲ’ ಎನ್ನುವ ಬಾಯಿಯೂ ಇರುತ್ತದೆ.

ಇನ್ನು ಹಂಚಿಕೊಳ್ಳುವ ಮಾತು. ಮೇಲಿನ ಲೆಕ್ಕದಂತೆಯೇ ಆದರೆ, ಸುತ್ತುನಿಧಿಯ 15,000 ಬಿಟ್ಟು (ಅದು ಸಂಘಕ್ಕೆ ಬಂದದ್ದು, ಹಂಚುವ ಹಣವಲ್ಲ) ಒಬ್ಬೊಬ್ಬರಿಗೆ ಸುಮಾರು 12,800 ಬರುತ್ತದೆ. ಅದೂ ಕಾಗದದ ಮೇಲೆ. ಬ್ಯಾಂಕಿನಲ್ಲಿರುವುದು 38,300 ಮಾತ್ರ, ಉಳಿದದ್ದು ಸಾಲವಾಗಿ ಸದಸ್ಯರ ಮನೆಯಲ್ಲಿದೆ. ಹಂಚಿಕೆ ಎಂದ ಕೂಡಲೇ ಸಾಲ ಇರುವವರು ಕಟ್ಟುವುದು ನಿಲ್ಲಿಸುತ್ತಾರೆ, ಸಾಲ ಪಡೆಯದೆ ಉಳಿಸಿದವರು ಮುಳುಗುತ್ತಾರೆ. ಸಂಘ ಮುಚ್ಚುವ ಗಲಾಟೆಯಲ್ಲಿ ಸೋಲುವವರು ಯಾವಾಗಲೂ ಮಾತಾಡದೆ ಕಟ್ಟಿದವರೇ. ಒಬ್ಬಿಬ್ಬರಿಗೆ ಬಿಡಲೇಬೇಕೆಂದಿದ್ದರೆ ಅವರ ಉಳಿತಾಯದಲ್ಲಿ ಅವರ ಸಾಲದ ಬಾಕಿ ಕಳೆದು, ಸಂಘದ ನಿಯಮದಲ್ಲಿ ಇದ್ದಂತೆ ಬಡ್ಡಿ ಪಾಲು ಸೇರಿಸಿ, ಎರಡು ಮೂರು ಕಂತಿನಲ್ಲಿ ಕೊಟ್ಟು ಕಳಿಸಿ.

ಈ ನಿಧಿಯ ನಿಜವಾದ ಬೆಲೆ ಬ್ಯಾಂಕಿನಲ್ಲಿ ತಿಳಿಯುತ್ತದೆ. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದ ಅಡಿ, ಅಂದರೆ ನಮ್ಮ ರಾಜ್ಯದಲ್ಲಿ ಸಂಜೀವಿನಿಯ ಅಡಿ, ಸಂಘದ ಮೊದಲ ಬ್ಯಾಂಕ್ ಸಾಲಕ್ಕೆ ಅಳತೆಗೋಲು ಸ್ವಂತ ನಿಧಿಯ 6 ಪಟ್ಟು. ಸದಸ್ಯರ ಉಳಿತಾಯ, ಗಳಿಸಿದ ಬಡ್ಡಿ, ಸುತ್ತುನಿಧಿ ಎಲ್ಲ ಆ ನಿಧಿಯಲ್ಲಿ ಲೆಕ್ಕಕ್ಕೆ ಬರುತ್ತದೆ. ಸಂಘಕ್ಕೆ 10 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುವಂತಿಲ್ಲ, ಸಂಘದ ಉಳಿತಾಯ ಖಾತೆಯನ್ನು ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ. ಆದರೂ ‘ಉಳಿತಾಯದ ದುಡ್ಡು ಖಾತೆಯಲ್ಲೇ ಇರಲಿ, ಆಗ ಸಾಲ’ ಎನ್ನುವ ಶಾಖೆಗಳಿಗೆ ಬರವಿಲ್ಲ. ಉಳಿತಾಯ ಒಳಸಾಲವಾಗಿ ತಿರುಗುತ್ತಿರಬೇಕು, ಅದನ್ನೇ ಸಂಘದ ಆರೋಗ್ಯ ಎಂದು ಶ್ರೇಣೀಕರಣದಲ್ಲಿ ನೋಡುವುದು ಎಂದು ವಿನಯದಿಂದಲೇ ಹೇಳಿ. ಅರ್ಹತೆಗೆ ಕೇಳುವುದು ಪಂಚಸೂತ್ರ: ತಪ್ಪದ ಸಭೆ, ತಪ್ಪದ ಉಳಿತಾಯ, ಒಳಸಾಲ, ಸಕಾಲಕ್ಕೆ ಮರುಪಾವತಿ, ಅಂದಂದಿನ ಲೆಕ್ಕ. ಸಂಘದ ಲೆಕ್ಕದ ಪುಸ್ತಕದ ಪ್ರಕಾರ ಕನಿಷ್ಠ 6 ತಿಂಗಳು ಸಂಘ ಚಾಲ್ತಿಯಲ್ಲಿರಬೇಕು; ನಿಮಗೆ ಅದೇನೂ ತೊಡಕಲ್ಲ.

ಸಂಜೀವಿನಿಗೆ ಇನ್ನೂ ಸೇರಿಲ್ಲವಾದರೆ ಮಾರ್ಚ್‌ಗೆ ಮುಂಚೆ ಸೇರಿ. ಸ್ವಯಂಸೇವಾ ಸಂಸ್ಥೆ ಕಟ್ಟಿದ ಸಂಘಕ್ಕೂ ಅವಕಾಶವಿದೆ, ಹೊಸ ಸಂಘ ಮಾಡಬೇಕಿಲ್ಲ. ಪಂಚಾಯಿತಿ ಮಟ್ಟದ ಒಕ್ಕೂಟದ ಎಂಬಿಕೆ (ಮುಖ್ಯ ಪುಸ್ತಕ ಬರಹಗಾರರು) ಅವರನ್ನು, ಅವರು ಸಿಗದಿದ್ದರೆ ತಾಲೂಕು ಪಂಚಾಯಿತಿ ಕಚೇರಿಯ ಸಂಜೀವಿನಿ ಸಿಬ್ಬಂದಿಯನ್ನು ಕಾಣಿ. ನಿಮ್ಮಲ್ಲಿ ಯಾರಾದರೂ ಅಂಗನವಾಡಿ ಮೂಲಕ ಆದ ಸ್ತ್ರೀಶಕ್ತಿ ಗುಂಪಿನಲ್ಲೂ ಇದ್ದರೆ ಮೊದಲೇ ಹೇಳಿಬಿಡಿ. ಒಬ್ಬರು ಎರಡು ಸಂಘದಲ್ಲಿ ಇರುವುದು ಸಾಲದ ಹೊತ್ತಿಗೆ ತೊಡಕಾಗುತ್ತದೆ. ಸಾಲದ ಅರ್ಜಿಗೆ ಬೇಕಾಗುವುದು ಸಂಘದ ಠರಾವು, ಸದಸ್ಯರು ತಮ್ಮೊಳಗೆ ಮಾಡಿಕೊಂಡ ಕರಾರು ಪತ್ರ, ಯಾರಿಗೆ ಎಷ್ಟು, ಯಾತಕ್ಕೆ, ಹೇಗೆ ತೀರಿಸುತ್ತಾರೆ ಎಂಬ ಯೋಜನೆ. ಕೊನೆಯದನ್ನು ಬೇರೆಯವರಿಂದ ಬರೆಸಬೇಡಿ. ಹದಿನಾರು ಜನರಿಗೂ ‘ಹೈನುಗಾರಿಕೆ, 50,000’ ಎಂದು ಒಂದೇ ಕೈಬರಹದಲ್ಲಿ ಬರೆದ ಯೋಜನೆ ಯಾರ ಕಣ್ಣಿಗೂ ಮಣ್ಣೆರಚುವುದಿಲ್ಲ. 6 ಪಟ್ಟು ಬರುತ್ತದೆಂದು ಅಷ್ಟನ್ನೂ ಎತ್ತಬೇಕಾಗಿಯೂ ಇಲ್ಲ.

ಈಗ ಬಾಗಿಲಲ್ಲಿ ನಿಂತಿರುವ ಎರಡನೆಯ ಸಂಸ್ಥೆ. ‘ಲಾಭರಹಿತ’ ಎಂಬ ಹಣೆಪಟ್ಟಿ ಬಡ್ಡಿ ದರವನ್ನು ಹೇಳುವುದಿಲ್ಲ. ಟ್ರಸ್ಟು, ಸೊಸೈಟಿ, ಸೆಕ್ಷನ್ 8 ಕಂಪನಿ ಎಲ್ಲವೂ ಕಾನೂನಿನಲ್ಲಿ ಲಾಭರಹಿತವೇ. ನೀವು ಕೇಳಬೇಕಾದ್ದು: ಸಾಲ ಯಾರದು, ಯಾರ ಹೆಸರಿಗೆ? ಬ್ಯಾಂಕಿನ ಸಾಲವನ್ನು ತಾವು ಪ್ರತಿನಿಧಿಯಾಗಿ ತಲುಪಿಸುತ್ತೇವೆ ಎಂದರೆ ಬ್ಯಾಂಕಿನ ಮಂಜೂರಾತಿ ಪತ್ರ ಸಂಘದ ಹೆಸರಲ್ಲಿ ಕೇಳಿ; ಮೂರು ತಿಂಗಳಿಗೊಮ್ಮೆ ಶಾಖೆಯಿಂದಲೇ ಸಾಲದ ಖಾತೆಯ ವಿವರ ಪಡೆದು, ನೀವು ಕಟ್ಟಿದ ಕಂತು ಅಲ್ಲಿ ಇಳಿದಿದೆಯೇ ನೋಡಿ. ಬ್ಯಾಂಕ್ ಪ್ರತಿನಿಧಿ ಗ್ರಾಹಕರಿಂದ ನೇರವಾಗಿ ಶುಲ್ಕ ವಸೂಲಿ ಮಾಡುವಂತಿಲ್ಲ. ಅದು ಮೈಕ್ರೋಫೈನಾನ್ಸ್ ಆಗಿದ್ದರೆ ವಿಷಯ ಬೇರೆ: ಸಾಲ ಪ್ರತಿ ಹೆಂಗಸಿನ ಹೆಸರಲ್ಲಿ ಇರುತ್ತದೆ, ಅವರಿಗೆ ಬೇಕಿರುವುದು ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ಗುಂಪು. ನಿಮ್ಮ ನಾಲ್ಕು ವರ್ಷದ ಪುಸ್ತಕ, ಉಳಿತಾಯ ಅವರಿಗೆ ಬೇಡ. ‘ಸಂಘವನ್ನು ಸೇರಿಸಿಕೊಳ್ಳುತ್ತೇವೆ’ ಎಂದರೆ ಅಲ್ಲಿ ಸಂಘ ಕರಗಿ ಹೋಗುತ್ತದೆ. ಉಳಿತಾಯದ ಹಣವನ್ನೂ ನಮ್ಮ ಖಾತೆಗೆ ಕಟ್ಟಿ ಎಂದರಂತೂ ಅಲ್ಲೇ ಕೈಮುಗಿದು ಕಳಿಸಿ. ಅನುಮತಿ ಇಲ್ಲದೆ ಜನರಿಂದ ಠೇವಣಿ ಸಂಗ್ರಹಿಸುವುದನ್ನು 2019ರ ಕಾಯ್ದೆ ನಿಷೇಧಿಸಿದೆ.

50,000ದ ಲೆಕ್ಕ ಹೀಗೆ. ‘ವರ್ಷಕ್ಕೆ ಬರೀ ಶೇ 12’ ಎಂದರು ಅನ್ನಿ. 6,000 ಬಡ್ಡಿ ಸೇರಿಸಿ 56,000ವನ್ನು 52 ವಾರಕ್ಕೆ ಭಾಗಿಸಿದರೆ ವಾರಕ್ಕೆ 1,077 ರೂಪಾಯಿ. ಆದರೆ ವಾರ ವಾರ ಅಸಲು ತೀರುತ್ತಲೇ ಇರುವುದರಿಂದ ವರ್ಷವಿಡೀ ನಿಮ್ಮ ಕೈಯಲ್ಲಿರುವ ಸರಾಸರಿ ಹಣ 50,000ದ ಅರ್ಧದಷ್ಟು ಮಾತ್ರ. ನಿಜವಾದ ವಾರ್ಷಿಕ ದರ ಶೇ 22 ದಾಟುತ್ತದೆ. ವಿಮೆ, ಸಂಸ್ಕರಣಾ ಶುಲ್ಕ ಎಂದು ಮೊದಲೇ ಹಿಡಿದುಕೊಂಡರೆ ಇನ್ನೂ ಹೆಚ್ಚು. ನೋಂದಾಯಿತ ಸಾಲದಾತರು ಈ ವಾರ್ಷಿಕ ದರವನ್ನು ಬರೆದು ಕೊಡಲೇಬೇಕು, ಸಾಲದ ಕಾರ್ಡು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ ಒಂದು ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಮನೆಯ ಆದಾಯ 15,000 ಇದ್ದರೆ ಮಿತಿ 7,500. ಈ ಒಂದೇ ಸಾಲ ತಿಂಗಳಿಗೆ 4,670ರಷ್ಟು ನುಂಗುತ್ತದೆ. ವಸೂಲಿಗೆ ಬೆಳಿಗ್ಗೆ 9ಕ್ಕಿಂತ ಮುಂಚೆ, ಸಂಜೆ 6ರ ನಂತರ ಕರೆ ಮಾಡಿ ಕಾಡುವಂತಿಲ್ಲ. ಬಲವಂತದ ವಸೂಲಿಯ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೂ ತಂದಿತು. ಬ್ಯಾಂಕು, ಫೈನಾನ್ಸ್ ಕಂಪನಿಗಳ ಮೇಲಿನ ದೂರಿನ ಬಗ್ಗೆ ವಿಚಾರಿಸಲು ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448.

ಸಾಲ ಸಿಗುವ ಕಡೆಯೆಲ್ಲ ಸಬಲೀಕರಣ ಆಗಿದೆ ಎಂದು ವರದಿ ಬರೆಯುವ ಅಭ್ಯಾಸ ನಮ್ಮ ಸಂಸ್ಥೆಗಳಿಗೆ ಹತ್ತಿಬಿಟ್ಟಿದೆ. 1989ರಲ್ಲಿ ಕರ್ನಾಟಕದಲ್ಲಿ ಶುರುವಾದ ಮಹಿಳಾ ಸಮಖ್ಯಾ ಎಂಬ ಸರ್ಕಾರಿ ಮಹಿಳಾ ಶಿಕ್ಷಣ ಕಾರ್ಯಕ್ರಮದ ಸಂಘಗಳು ಉಳಿತಾಯ, ಸಾಲವನ್ನು ಮುಂದಿಟ್ಟುಕೊಂಡು ಹುಟ್ಟಿದವಲ್ಲ. ಓದು, ಆರೋಗ್ಯ, ಕಾನೂನು, ಪಂಚಾಯಿತಿ, ಇವುಗಳ ಸುತ್ತ ಹೆಂಗಸರು ಕೂತು ಮಾತಾಡುವುದೇ ಅಲ್ಲಿ ಕೆಲಸವಾಗಿತ್ತು. ಹಣ ಎಣಿಸಿ ಮುಗಿದ ಮೇಲೆ ನಿಮ್ಮ ಸಭೆಯಲ್ಲಿ ಹದಿನೈದು ನಿಮಿಷ ಉಳಿಯುತ್ತದೆಯೇ? ಉಳಿದರೆ ಪಡಿತರ, ವಿಧವಾ ವೇತನ, ಶಾಲೆಯ ಶೌಚಾಲಯ ಎಂದು ಒಂದು ಸಭೆಗೆ ಒಂದೇ ವಿಷಯ ಎತ್ತಿ, ಗ್ರಾಮಸಭೆಗೆ ಒಯ್ಯಲು ನಡಾವಳಿಯಲ್ಲಿ ಬರೆಯಿರಿ. ಪಂಚಾಯಿತಿಯ ಅರ್ಧ ಸ್ಥಾನ ಹೆಂಗಸರಿಗೆ ಮೀಸಲಿರುವ ರಾಜ್ಯ ನಮ್ಮದು, ಕೇಳಲು ಅಂಜಬೇಕಾಗಿಲ್ಲ.

ಒಂದು ಕೆಲಸದಲ್ಲಿ ಮಾತ್ರ ಸಂಸ್ಥೆಯ ಕೊರತೆ ನಿಮಗೆ ಕಾಡುತ್ತದೆ: ಮನೆಯಲ್ಲಿ ಹೊಡೆತ ತಿಂದವಳು ರಾತ್ರಿ ಬಾಗಿಲು ತಟ್ಟಿದಾಗ. ಆಗ ಕಾರ್ಯಕರ್ತೆಗೆ ಫೋನ್ ಮಾಡುತ್ತಿದ್ದಿರಿ. ಇನ್ನು ಮುಂದೆ ಮಾಡಬೇಕಾದ ನಂಬರ್ 181. ಜಿಲ್ಲಾ ಕೇಂದ್ರದ ಸಖಿ ಕೇಂದ್ರದಲ್ಲಿ ತಾತ್ಕಾಲಿಕ ಆಶ್ರಯ, ವೈದ್ಯಕೀಯ ಮತ್ತು ಕಾನೂನು ನೆರವು ಒಂದೇ ಕಡೆ ಸಿಗುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ. ಅವರು ಕೌಟುಂಬಿಕ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ವಕೀಲರ ಖರ್ಚಿಗೆ ಹೆದರಬೇಕಿಲ್ಲ. ಉಚಿತ ಕಾನೂನು ನೆರವಿಗೆ ಹೆಂಗಸರಿಗೆ ಆದಾಯದ ಮಿತಿ ಇಲ್ಲ, ಸಹಾಯವಾಣಿ 15100. ಈ ನಂಬರುಗಳನ್ನು ನಡಾವಳಿ ಪುಸ್ತಕದ ರಟ್ಟಿನ ಒಳಬದಿಗೆ ಬರೆದಿಡಿ. ಸಿಡಿಪಿಒ ಕಚೇರಿಗೆ ಕಾರ್ಯಕರ್ತೆಯ ಜೊತೆ ಒಮ್ಮೆ ಈಗಲೇ ಹೋಗಿ ಪರಿಚಯ ಮಾಡಿಕೊಂಡು ಬನ್ನಿ. ಗುರುತಿಲ್ಲದ ಕಚೇರಿಗೆ ಅಳುತ್ತಾ ಹೋಗುವುದು ಕಷ್ಟ.

ಕೊನೆಯ ಒಂದು ತಾರೀಖು. ಏಪ್ರಿಲ್ ಮೊದಲ ವಾರದಲ್ಲಿ ಇಬ್ಬರು ಪ್ರತಿನಿಧಿಗಳೇ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ನಮೂದು ಮಾಡಿಸಿ. ಮಾರ್ಚ್ 31ರ ಬಾಕಿಯನ್ನು ನಗದು ಪುಸ್ತಕದ ಬ್ಯಾಂಕ್ ಬಾಕಿಯ ಪಕ್ಕ ಕೆಂಪು ಶಾಯಿಯಲ್ಲಿ ಬರೆದು, ಆ ವಾರದ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ.